ಛಾವಣಿಯ ಚುಕ್ಕೆ, ಕಂಪ್ಯೂಟರಿನ ಗೆರೆ

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನನ್ನ ಹೆಗ್ಗಣ ನಮ್ಮ ಕಚೇರಿಯ ಛಾವಣಿಯ ಮೇಲಿತ್ತು. ತೆಂಗಿನಕಾಯಿಯಷ್ಟು ದೊಡ್ಡದಾದ ಬಿಳಿಯ ಉಪಕರಣ, ಅದರ ನೆತ್ತಿಯ ಮೇಲೆ ಅರ್ಧ ಕಿತ್ತಳೆಯಂಥ ಗಾಜಿನ ಡೋಮ್. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಒಂದು ಪಾಲಿದೆ. ಚರ್ಮವನ್ನು ಕಪ್ಪಾಗಿಸುವುದೂ ಅದೇ, ಮೈಯಲ್ಲಿ ವಿಟಮಿನ್ ಡಿ ಹುಟ್ಟಿಸುವುದೂ ಅದೇ. ಆ ನೇರಳಾತೀತ ಕಿರಣ ನೆಲಕ್ಕೆ ಎಷ್ಟು ಬಂತು ಎಂದು ನಿಮಿಷಕ್ಕೊಮ್ಮೆ ಅಳೆದು ಬರೆದಿಡುವುದು ಉಪಕರಣದ ಕೆಲಸ. ಪ್ರತಿ ಬೆಳಿಗ್ಗೆ ಐದು ಮಹಡಿ ಹತ್ತಿ ಅದರ ಡೋಮ್ ಒರೆಸಿ, ರಿಜಿಸ್ಟರಿನಲ್ಲಿ ಸಹಿ ಹಾಕುವುದು ನನ್ನ ಕೆಲಸ.

ದಿಲ್ಲಿಯ ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ನಾನು ತಾಂತ್ರಿಕ ಅಧಿಕಾರಿ. ಹೆಸರು ದೊಡ್ಡದು, ಕೆಲಸ ಒರೆಸುವುದು ಎಂದು ನನ್ನ ಯಜಮಾನರು ಹಾಸ್ಯ ಮಾಡುತ್ತಾರೆ. ಅವರು ಸಚಿವಾಲಯವೊಂದರಲ್ಲಿ ಗುಮಾಸ್ತರು. ಫೈಲಿನ ಧೂಳು ಒರೆಸುವವರು ಡೋಮಿನ ಧೂಳು ಒರೆಸುವವಳನ್ನು ಆಡಿಕೊಳ್ಳಬಾರದು ಎಂದು ನಾನೂ ಬಿಡುವುದಿಲ್ಲ. ಇಪ್ಪತ್ತು ವರ್ಷ ಬೇರೆಯವರ ಉಪಕರಣಗಳಿಗೆ ವೈರು ಜೋಡಿಸಿಕೊಟ್ಟವಳಿಗೆ, ಪೂರ್ತಿ ನನ್ನದೇ ಹೊಣೆ ಎಂದು ಬಂದದ್ದು ಇದೊಂದೇ. ಆ ಮಳೆಗಾಲದ ನಡುವೆ ಪೆಟ್ಟಿಗೆ ಬಿಚ್ಚಿದಾಗ ನನಗೆ ಆದ ಸಡಗರವನ್ನು ಮನೆಯಲ್ಲಿ ಯಾರೂ ಅರ್ಥ ಮಾಡಿಕೊಳ್ಳಲಿಲ್ಲ.

ಅದರ ಜೊತೆಯಲ್ಲೇ ಎಂಬಂತೆ ನನಗೊಬ್ಬಳು ಎದುರಾಳಿಯೂ ಬಂದಳು. ಮಂಗಳೂರಿನ ಕ್ರಿಶ್ಚಿಯನ್ ಹುಡುಗಿ, ಆಗಷ್ಟೇ ಪಿಎಚ್‌ಡಿ ಮುಗಿಸಿದವಳು. ಸಾಫ್ಟ್‌ವೇರ್ ಕೆಲಸದ ಮೂವರು ಗೆಳತಿಯರ ಜೊತೆ ಗುರುಗ್ರಾಮದ ಹದಿನಾಲ್ಕನೇ ಮಹಡಿಯಲ್ಲಿದ್ದುಕೊಂಡು ದಿನಾ ಮೆಟ್ರೋದಲ್ಲಿ ಬರುತ್ತಿದ್ದಳು. ಅವಳು ಬಿಸಿಲನ್ನು ಅಳೆಯುವವಳಲ್ಲ, ಲೆಕ್ಕ ಹಾಕುವವಳು. ಸೂರ್ಯ ಎಷ್ಟು ಮೇಲಿದ್ದಾನೆ, ಓಝೋನ್ ಎಷ್ಟಿದೆ, ಗಾಳಿಯಲ್ಲಿ ಧೂಳು ಹೊಗೆ ಎಷ್ಟಿದೆ ಎಂದು ಕಂಪ್ಯೂಟರಿಗೆ ಉಣ್ಣಿಸಿದರೆ, ಇಷ್ಟು ಬಿಸಿಲು ನೆಲಕ್ಕೆ ಬರಬೇಕು ಎಂದು ಅವಳ ಮಾಡೆಲ್ ಒಂದು ಗೆರೆ ಎಳೆದು ತೋರಿಸುತ್ತಿತ್ತು. ಅದೇ ಹಾಳೆಯ ಮೇಲೆ ನನ್ನ ಉಪಕರಣ ಅಳೆದದ್ದು ಕೆಂಪು ಚುಕ್ಕೆಗಳಾಗಿ ಬೀಳುತ್ತಿತ್ತು.

"ಆಕಾಶ ನೋಡದೆ ಬಿಸಿಲು ಹೇಳೋಳು ನೀನೊಬ್ಬಳೇ ಕಣೇ," ಎಂದು ನಾನು ರೇಗಿಸುತ್ತಿದ್ದೆ.

"ನೀವು ಆಕಾಶ ನೋಡ್ತಾ ಕೂತ್ಕೊಳ್ಳಿ ಅಕ್ಕ. ಯಾಕೆ ಹಾಗೆ ಅಂತ ಹೇಳ್ಲಿಕ್ಕೆ ನಿಮ್ಮ ಡಬ್ಬಿಗೆ ಬರ್ತದಾ?" ಎನ್ನುತ್ತಿದ್ದಳು ಅವಳು.

ಇಬ್ಬರ ಜಗಳಕ್ಕೂ ಒಂದು ಗಡುವಿತ್ತು. ಹೊಸ ಉಪಕರಣವನ್ನು ವರ್ಷದ ಕೊನೆಯವರೆಗೆ ಪರೀಕ್ಷೆಗೆ ಇಟ್ಟಿದ್ದರು. ಅದರ ಅಳತೆ ನಂಬುವಂಥದ್ದು ಎಂದಾದರೆ ಛಾವಣಿಯ ಕೇಂದ್ರ ಉಳಿಯುತ್ತದೆ, ಇಲ್ಲವೆಂದಾದರೆ ಉಪಕರಣ ಇಳಿಸಿ ಮುಂದೆ ಕಂಪ್ಯೂಟರಿನ ಲೆಕ್ಕವನ್ನೇ ದಿಲ್ಲಿಯ ಬಿಸಿಲು ಎಂದು ಪ್ರಕಟಿಸುವುದು ಎಂದು ನಮ್ಮ ವಿಭಾಗದ ಮುಖ್ಯಸ್ಥರು ಮೊದಲೇ ಹೇಳಿದ್ದರು. ಸೆಪ್ಟೆಂಬರಿನಲ್ಲಿ ನನಗೆ ಯಾವ ಭಯವೂ ಇರಲಿಲ್ಲ. ಮಳೆ ತೊಳೆದ ಆಕಾಶದಲ್ಲಿ ನನ್ನ ಚುಕ್ಕೆಗಳು ಅವಳ ಗೆರೆಯ ಮೇಲೆ ಹೂ ಪೋಣಿಸಿದ ಹಾಗೆ ಕೂರುತ್ತಿದ್ದವು. ಆ ಹಾಳೆಗಳನ್ನು ನಾನು ಮನೆಗೆ ತಂದು ಯಜಮಾನರಿಗೂ ಮಗಳಿಗೂ ತೋರಿಸಿದೆ. ಮಗಳು ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು. "ಅಮ್ಮಾ, ಅಚ್ಛಾ ಹೈ, ಆದ್ರೆ ಇದರಲ್ಲಿ ನೋಡೋಕೆ ಕ್ಯಾ ಹೈ?" ಎಂದಳು.

ಆಮೇಲೆ ಮಹಾನವಮಿ ಬಂತು.

ನನ್ನ ಅಪ್ಪ ಹಾಸನದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಆಯುಧಪೂಜೆಯ ದಿನ ಸ್ಪ್ಯಾನರುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಗಂಧ ಕುಂಕುಮ ಇಡುತ್ತಿದ್ದರು. ಅನ್ನ ಕೊಡುವ ಸಾಮಾನಿಗೆ ವರ್ಷಕ್ಕೊಂದು ದಿನ ಕೈ ಮುಗಿಯದಿದ್ದರೆ ಅದು ಕೈ ಕೊಡುತ್ತದೆ ಎಂಬುದು ಅವರ ನಂಬಿಕೆ. ದಿಲ್ಲಿಯಲ್ಲಿ ನವಮಿಯ ದಿನ ಆಯುಧಪೂಜೆ ಯಾರಿಗೂ ಗೊತ್ತಿಲ್ಲ. ಇಲ್ಲಿನವರು ಯಂತ್ರಗಳಿಗೆ ಪೂಜೆ ಮಾಡುವ ವಿಶ್ವಕರ್ಮನ ದಿನ ಮೊದಲೇ ಕಳೆದಿರುತ್ತದೆ. ಅದಕ್ಕೇ ಯಾರಿಗೂ ಹೇಳದೆ, ಮನೆಯಲ್ಲಿ ಸಾಣೆಕಲ್ಲಿನ ಮೇಲೆ ತೇಯ್ದ ಗಂಧವನ್ನು ಸ್ಟೀಲಿನ ಪುಟ್ಟ ಡಬ್ಬಿಯಲ್ಲಿ ಹಾಕಿಕೊಂಡು, ಕರೋಲ್ ಬಾಗಿನ ಮೆಟ್ರೋ ಮೆಟ್ಟಿಲ ಬಳಿ ಹೂವಿನ ಭಯ್ಯಾನ ಹತ್ತಿರ ಚೆಂಡುಹೂ ಕೊಂಡು ಛಾವಣಿಗೆ ಹೋದೆ. ಡೋಮಿನ ಕೆಳಗೆ, ಬಿಳಿ ಲೋಹದ ಮೈಮೇಲೆ, ಗಂಧವಿಟ್ಟು ಕುಂಕುಮವಿಟ್ಟೆ. ಅಲ್ಲಿಗೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಹೂವನ್ನು ಸುತ್ತಲೂ ಇಡುವಾಗ ಗಾಳಿ ಬೀಸಿತು, ಹೂ ಹಾರಿತು, ಹಿಡಿಯಲು ಹೋದ ನನ್ನ ಗಂಧದ ಬೆರಳು ಡೋಮಿನ ಅಂಚಿಗೆ ತಗುಲಿತು.

ಆ ಗಾಜನ್ನು ಮುಟ್ಟಲೇಬಾರದು ಎಂದು ಬಂದವರಿಗೆಲ್ಲ ಪಾಠ ಹೇಳುವವಳು ನಾನು. ಒರೆಸುವುದಾದರೆ ಭಟ್ಟಿ ಇಳಿಸಿದ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಮಾತ್ರ. ಆ ಹೊತ್ತಿಗೆ ಗಾಬರಿಯಲ್ಲಿ ಏನು ಮಾಡಿದೆನೆಂದರೆ, ಸೀರೆಯ ಸೆರಗಿನಿಂದ ಉಜ್ಜಿಬಿಟ್ಟೆ. ಗಂಧ ಹೋಯಿತು, ಹೋಯಿತೆಂದೇ ಕಂಡಿತು. ರಿಜಿಸ್ಟರಿನಲ್ಲಿ ಎಂದಿನಂತೆ 'ಡೋಮ್ ಸ್ವಚ್ಛಗೊಳಿಸಲಾಗಿದೆ' ಎಂದು ಬರೆದು ಸಹಿ ಹಾಕಿ ಕೆಳಗಿಳಿದೆ.

ಮುಂದಿನ ವಾರದಿಂದ ಚುಕ್ಕೆಗಳು ಗೆರೆಯಿಂದ ಕೆಳಗೆ ಜಾರತೊಡಗಿದವು. ಮೊದಲು ಒಂದು ಎಳ್ಳಿನಷ್ಟು, ಆಮೇಲೆ ಅಕ್ಕಿಕಾಳಿನಷ್ಟು. ದೀಪಾವಳಿ ಕಳೆಯುವ ಹೊತ್ತಿಗೆ ಗೆರೆಗೂ ಚುಕ್ಕೆಗಳಿಗೂ ನಡುವೆ ಒಂದು ಬೆರಳು ಇಡಬಹುದಾಗಿತ್ತು. ದಿಲ್ಲಿಯಲ್ಲಿ ಹೊಗೆ ಕವಿಯುವ ಕಾಲವೂ ಅದೇ. ಹೊಗೆಯಿಂದಲೇ ಹೀಗಾಗಿದೆ ಎಂದು ನಾನು ಮುಖ್ಯಸ್ಥರ ಎದುರು ವಾದಿಸಿದೆ. ಅವರು ಲಖನೌ ಕಡೆಯವರು, ಬೈಯುವಾಗಲೂ ದನಿ ಎತ್ತುವವರಲ್ಲ.

"ನೋಡಿ ಮೇಡಂಜಿ, ಹೊಗೆ ಎಷ್ಟಿದೆ ಅನ್ನೋದನ್ನ ಅದೇ ಛಾವಣಿಯ ಇನ್ನೊಂದು ಉಪಕರಣ ಹೇಳ್ತಾ ಇದೆ. ಆ ಅಂಕಿ ಮಾಡೆಲಿಗೆ ಹೋಗ್ತಾನೇ ಇದೆ. ಹೊಗೆಯ ಲೆಕ್ಕ ಕಳೆದ ಮೇಲೂ ನಿಮ್ಮದು ಕಡಿಮೆ. ಹಾಗಾದರೆ ನಿಮ್ಮ ಡೋಮಿಗೇ ಏನೋ ಆಗಿದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುವುದು ನನ್ನಂಥವರಿಗೇ ಹೇಳಿದ ಮಾತು. ಡೋಮ್ ಎಂಬ ಶಬ್ದ ಕೇಳಿದ ಕೂಡಲೇ ನಾನು ಜೋರು ಜೋರಾಗಿ ಮಾತಾಡಿದೆ. ದಿನಾ ಒರೆಸುತ್ತೇನೆ, ರಿಜಿಸ್ಟರು ನೋಡಿ, ನಿಮ್ಮ ಕಂಪ್ಯೂಟರನ್ನು ಯಾರು ಒರೆಸುತ್ತಾರೆ ಎಂದೆಲ್ಲ ಕೂಗಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಕೇಂದ್ರ ಮುಚ್ಚಿದರೆ ಅದು ನನ್ನ ಸೆರಗಿನಿಂದ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಮರುದಿನ ಊಟದ ಹೊತ್ತಿನಲ್ಲಿ, ನನ್ನ ಚಿತ್ರಾನ್ನ ಅವಳ ತಟ್ಟೆಗೆ ಹಾಕುತ್ತಾ, ಹುಡುಗಿಗೆ ಎಲ್ಲ ಹೇಳಿಬಿಟ್ಟೆ. ಅವಳು ಚಮಚ ಕೆಳಗಿಟ್ಟಳು.

"ಎಂತ ಅಕ್ಕ ನೀವು. ಬೇರೆ ಯಾರಾದ್ರೂ ಆ ಗಾಜಿಗೆ ಬೆರಳು ತಾಗಿಸಿದ್ರೆ ಅವರ ಕೈ ಮುರಿತಿದ್ರಿ."

"ಮುರೀತಿದ್ದೆ."

"ಎರಡು ತಿಂಗಳ ಡೇಟಾ ಮಾರಾಯ್ರೆ."

"ಗೊತ್ತು. ಬೈಯೋದಿದ್ರೆ ಬೈದುಬಿಡು, ಆಮೇಲೆ ದಾರಿ ಹೇಳು."

ಅವಳು ಬೈಯಲಿಲ್ಲ. ತಟ್ಟೆ ಅಲ್ಲೇ ಬಿಟ್ಟು ನನ್ನ ಕೈ ಹಿಡಿದುಕೊಂಡು ಛಾವಣಿಗೆ ಓಡಿದಳು. ಅವಳು ಛಾವಣಿ ಹತ್ತಿದ್ದು ಅದೇ ಮೊದಲು. ಬೂದುಬಣ್ಣದ ಆಕಾಶ, ಸೂರ್ಯ ಹಳೇ ಹಿತ್ತಾಳೆ ತಟ್ಟೆಯ ಹಾಗೆ ಮಂಕಾಗಿದ್ದ. ಅಳತೆ ಬರೆದುಕೊಂಡೆವು, ಡೋಮನ್ನು ಮೂರು ಸಲ ನಿಯಮದ ಪ್ರಕಾರ ತೊಳೆದು ಒರೆಸಿದೆವು, ಮತ್ತೆ ಬರೆದುಕೊಂಡೆವು. ಅಂಕಿ ಕೂದಲೆಳೆಯಷ್ಟೂ ಬದಲಾಗಲಿಲ್ಲ. ನಾನು ಅವಳನ್ನು ತಬ್ಬಿಕೊಂಡು, ಗಾಜಿನ ಮೇಲೆ ಏನೂ ಉಳಿದಿಲ್ಲ, ಉಪಕರಣ ಸರಿಯಿದೆ ಎಂದು ಕುಣಿದೆ. ಅದೇ ಉಬ್ಬಿನಲ್ಲಿ ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋಗಿ, ಪೂಜೆ, ಬೆರಳು, ಸೆರಗು ಯಾವುದನ್ನೂ ಮುಚ್ಚಿಡದೆ ಹೇಳಿ, ತೊಳೆದ ಪರೀಕ್ಷೆಯ ಹಾಳೆಯನ್ನು ಮೇಜಿನ ಮೇಲಿಟ್ಟೆ.

ಅವರು ಕನ್ನಡಕ ತೆಗೆದು ಹಾಳೆಯ ಮೇಲಿಟ್ಟರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಹೊರಗಿನ ಗಾಜು ತೊಳೆದಿರಿ. ಒದ್ದೆ ಗಂಧ ಅಂಚಿನಿಂದ ಒಳಗೆ ಇಳಿದಿದ್ದರೆ? ಒಳಗಿನ ಬಿಲ್ಲೆಯ ಮೇಲೆ ಕೂತಿದ್ದರೆ?"

ಡೋಮಿನ ಒಳಗೆ, ಬೆಳಕು ಬೀಳುವ ಜಾಗದಲ್ಲಿ, ಒಂದು ಬಿಳಿ ಬಿಲ್ಲೆ ಇರುತ್ತದೆ. ಅದಕ್ಕೆ ಕಲೆ ಹಿಡಿದರೆ ಎಷ್ಟು ತೊಳೆದರೂ ಹೋಗುವುದಿಲ್ಲ. ಬಿಚ್ಚಿ ನೋಡುವ ಅಧಿಕಾರ ನಮಗಿಲ್ಲ, ತಯಾರಿಸಿದವರಿಗೆ ಕಳಿಸಿದರೆ ವಾಪಸ್ ಬರಲು ತಿಂಗಳುಗಟ್ಟಲೆ ಬೇಕು. ನವಮಿಯಿಂದ ಈಚಿನ ಅಳತೆಯನ್ನೆಲ್ಲ ತಿರಸ್ಕರಿಸಿ, ಉಪಕರಣ ಇಳಿಸುವ ಪತ್ರಕ್ಕೆ ಮುಂದಿನ ಸೋಮವಾರ ಸಹಿ ಹಾಕುವುದಾಗಿ ಅವರು ಹೇಳಿದರು. ನಿಜ ಹೇಳಿದ್ದಕ್ಕೆ ಧನ್ಯವಾದ ಎಂದೂ ಸೇರಿಸಿದರು, ಅದು ಬೈಗುಳಕ್ಕಿಂತ ಜೋರಾಗಿ ತಗುಲಿತು.

ಹುಡುಗಿ ಮಾತ್ರ ಬಿಡಲಿಲ್ಲ. ಅವಳ ತಲೆ ಓಡುವುದೇ ಹಾಗೆ, ಸೋತ ಜಾಗದಿಂದಲೇ ಶುರು. "ಅಕ್ಕ, ಬಿಲ್ಲೆಗೆ ಕಲೆ ಆಗಿದ್ರೆ ಅದು ಎಲ್ಲ ದಿನವೂ ಕಡಿಮೆ ಹೇಳ್ಬೇಕು, ಅಲ್ವಾ? ಹೊಗೆ ಇದ್ರೂ, ಇಲ್ಲದಿದ್ರೂ. ನಮಗೆ ಹೊಗೆ ಇಲ್ಲದ ಒಂದೇ ಒಂದು ಮಧ್ಯಾಹ್ನ ಸಿಕ್ಕಿದ್ರೆ ಸಾಕು. ಆವತ್ತು ಚುಕ್ಕೆ ಗೆರೆ ಮೇಲೆ ಕೂತ್ರೆ ಡಬ್ಬಿ ಸರಿ. ಕೂರದಿದ್ರೆ..."

"ಕೂರದಿದ್ರೆ ಗಂಧ."

"ಹೌದು."

ನವೆಂಬರಿನ ದಿಲ್ಲಿಯಲ್ಲಿ ಹೊಗೆಯಿಲ್ಲದ ಮಧ್ಯಾಹ್ನ ಕೇಳುವುದೂ ಒಂದೇ, ಅಮಾವಾಸ್ಯೆಯ ದಿನ ಚಂದ್ರನನ್ನು ಕೇಳುವುದೂ ಒಂದೇ. ಆದರೂ ನಾನು ದಿನಕ್ಕೆ ಹತ್ತು ಸಲ ಮೊಬೈಲಿನಲ್ಲಿ ಹವಾಮಾನ ನೋಡತೊಡಗಿದೆ. ತರಕಾರಿ ಭಯ್ಯಾನನ್ನೂ ಕೇಳಿದೆ, ಸೈಕಲ್ ರಿಕ್ಷಾದವನನ್ನೂ ಕೇಳಿದೆ. ಗುರುವಾರ ಸಂಜೆ ಮಗಳು, "ಅಮ್ಮಾ, ಕಲ್ ಬಾರಿಶ್ ಇದೆಯಂತೆ, ಮೇರಿ ಫ್ರೆಂಡ್ ಹೇಳಿದ್ಲು," ಎಂದಾಗ, ಮಳೆ ಬಂದರೆ ಹೊಗೆ ತೊಳೆದುಹೋಗುತ್ತದಲ್ಲ ಎಂದು, ಅವಳಿಗೆ ದೃಷ್ಟಿ ತೆಗೆಯಬೇಕು ಎನ್ನಿಸಿತು.

ಶುಕ್ರವಾರ ಮಧ್ಯಾಹ್ನ ಮಳೆ ಬಂತು. ಸುಮ್ಮನೆ ಹನಿಯಲಿಲ್ಲ, ಸುರಿಯಿತು. ಗುಡುಗಿಗೆ ಕಿಟಕಿ ಅದುರಿತು, ಹಿಂದೆಯೇ ಜೋರು ಗಾಳಿ. ಕಚೇರಿಯವರೆಲ್ಲ ಬಟ್ಟೆ ಒದ್ದೆಯಾಗುತ್ತದೆ, ಮೆಟ್ರೋ ತುಂಬಿರುತ್ತದೆ ಎಂದು ಗೊಣಗುತ್ತಿದ್ದರು. ನಾವಿಬ್ಬರೇ ಮೂರನೇ ಮಹಡಿಯ ಕಿಟಕಿಯಲ್ಲಿ ನಿಂತು, ಮದುವೆ ದಿಬ್ಬಣ ನೋಡುವವರ ಹಾಗೆ ಮಳೆ ನೋಡುತ್ತಾ ನಗುತ್ತಿದ್ದೆವು.

ಶನಿವಾರ ನಮಗೆ ರಜೆ. ಉಪಕರಣ ತನ್ನಷ್ಟಕ್ಕೆ ಅಳೆಯುತ್ತಿರುತ್ತದೆ ನಿಜ, ಆದರೆ ಮಳೆಹನಿ ಒಣಗಿದ ಮಣ್ಣಿನ ಕಲೆ ಡೋಮಿನ ಮೇಲೆ ಉಳಿದರೆ ಎಲ್ಲ ಹಾಳು. ಒಂಬತ್ತಕ್ಕೇ ಗೇಟಿನಲ್ಲಿದ್ದೆ. "ಮೇಡಂಜಿ, ಛುಟ್ಟಿ ಕೆ ದಿನ್?" ಎಂದು ಗಾರ್ಡ್ ಭಯ್ಯಾ ಛಾವಣಿಯ ಕೀಲಿ ಕೊಟ್ಟ. ಮೇಲೆ ಹೋಗಿ ಬಾಗಿಲು ತಳ್ಳಿದವಳು ಹಾಗೇ ನಿಂತೆ. ನೀಲಿ. ಎರಡು ತಿಂಗಳಿಂದ ನೋಡದ ನೀಲಿ. ದೂರದ ಕಟ್ಟಡಗಳ ಕಿಟಕಿಗಳನ್ನು ಎಣಿಸಬಹುದಿತ್ತು. ಡೋಮಿನ ಮೇಲೆ ಏಳೆಂಟು ಮಣ್ಣಿನ ಹನಿ ಒಣಗಿದ್ದವು. ಉಸಿರು ಬಿಗಿಹಿಡಿದು, ಎಲ್ಲ ನಿಯಮ ಪಾಲಿಸಿ ಒರೆಸಿದೆ. ಈ ಸಲ ಚೂಡಿದಾರ್ ಹಾಕಿಕೊಂಡು ಹೋಗಿದ್ದೆ.

ಹುಡುಗಿ ಹತ್ತು ಗಂಟೆಗೆ ಲ್ಯಾಪ್‌ಟಾಪ್ ಸಮೇತ ಬಂದಳು. ಅವಳು ಮೊದಲು ಮಾಡಿದ ಕೆಲಸ ನನಗೆ ಈಗಲೂ ಇಷ್ಟ. ಆ ದಿನದ ಗೆರೆಯನ್ನು ಎಳೆದು, ಒಂದೂ ಚುಕ್ಕೆ ನೋಡುವ ಮೊದಲೇ, ಮುಖ್ಯಸ್ಥರಿಗೆ ಕಳಿಸಿಬಿಟ್ಟಳು. ಆಮೇಲೆ ಬೇಕಾದ ಹಾಗೆ ಗೆರೆ ಬಗ್ಗಿಸಿಕೊಂಡರು ಎಂದು ಯಾರೂ ಅನ್ನಬಾರದು ಎಂಬುದು ಅವಳ ಹಟ. ನಾನು ಎದುರಾಳಿ ಎಂದು ಕರೆದದ್ದು ಇವಳನ್ನೇ.

ನೀರಿನ ಟ್ಯಾಂಕಿನ ನೆರಳಿನಲ್ಲಿ ಚಾಪೆ ಹಾಸಿಕೊಂಡು ಕೂತೆವು. ಉಪಕರಣದ ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಸೂರ್ಯ ನೆತ್ತಿಗೆ ಬರುವುದು ಹನ್ನೆರಡು ದಾಟಿ ಸ್ವಲ್ಪ ಹೊತ್ತಿಗೆ, ವ್ಯತ್ಯಾಸ ಚೆನ್ನಾಗಿ ಕಾಣುವುದು ಆಗಲೇ. ಅಲ್ಲಿಯವರೆಗೆ ಪರದೆ ನೋಡುವುದಿಲ್ಲ ಎಂದು ಮಾತಾಯಿತು. ಒಂದು ಸಲ ಕದ್ದು ನೋಡಲು ಹೋದ ನನ್ನ ಕೈಗೆ ಅವಳು ಹೊಡೆದಳು.

ಹನ್ನೆರಡಕ್ಕೆ ಅವಳು ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಕನ್ನಡ ಸಂಘದ ಹೌಸಿ ಆಟದಲ್ಲಿ ನಂಬರು ಕೂಗುವ ಹಾಗೆ, ಮೊದಲು ಅವಳ ಮಾಡೆಲಿನ ಅಂಕಿ, ಆಮೇಲೆ ನನ್ನ ಉಪಕರಣದ ಅಂಕಿ ಕೂಗುತ್ತಾ ಹೋದಳು. ನಾನು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಅವಳದ್ದಕ್ಕೆ ಗೆರೆ ಎಳೆದು, ನನ್ನದಕ್ಕೆ ಚುಕ್ಕೆ ಹಾಕಬೇಕು. ಮೊದಲ ಚುಕ್ಕೆ ಗೆರೆಯ ಮೇಲೇ ಬಿತ್ತು. ಏನೋ ಅದೃಷ್ಟ ಅಂದುಕೊಂಡೆ. ಎರಡನೆಯದೂ ಬಿತ್ತು. ಐದನೆಯದಕ್ಕೆ ಪೆನ್ಸಿಲನ್ನು ಮತ್ತೆ ಚೂಪು ಮಾಡಿಕೊಂಡೆ. ಹತ್ತನೆಯದಕ್ಕೆ ಅವಳು ಒಂದೊಂದು ಅಂಕಿಯನ್ನೂ ಎರಡೆರಡು ಸಲ ಕೂಗುತ್ತಿದ್ದಳು. ಹದಿನೈದು ಚುಕ್ಕೆ ಹಾಕಿದ ಮೇಲೆ ಹಾಳೆಯನ್ನು ಅವಳ ಎದುರು ಹಿಡಿದೆ. ಬೆರಳು ಇಡುವುದಿರಲಿ, ಸೂಜಿ ತೂರಿಸಲೂ ಜಾಗವಿರಲಿಲ್ಲ.

ಇಬ್ಬರೂ ಕೈಕೈ ಹಿಡಿದುಕೊಂಡು ಚಾಪೆಯ ಮೇಲೆ ಕುಣಿದೆವು. ಐವತ್ತೆರಡರ ಹೆಂಗಸು ನಾನು, ಮಂಡಿನೋವಿನವಳು. ಪಕ್ಕದ ಕಟ್ಟಡದ ಮೇಲೆ ಬಟ್ಟೆ ಒಣಹಾಕುತ್ತಿದ್ದವಳು ನಮ್ಮನ್ನು ನೋಡಿ, ಏನೆಂದು ತಿಳಿಯದಿದ್ದರೂ ಕೈ ಬೀಸಿದಳು. ಅಲ್ಲಿಂದಲೇ ಮುಖ್ಯಸ್ಥರಿಗೆ ಫೋನ್ ಮಾಡಿ ಹಾಳೆಯ ಫೋಟೋ ಕಳಿಸಿದೆ. ಅವರು ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಫೋನ್ ಮಾಡಿದರು. ಪತ್ರಕ್ಕೆ ಸಹಿ ಹಾಕುವುದಿಲ್ಲ, ಕೇಂದ್ರ ಉಳಿಯುತ್ತದೆ, ಆದರೆ ನವಮಿಯ ದಿನ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ರಿಜಿಸ್ಟರಿನಲ್ಲಿ ಬರೆಯಬೇಕು ಎಂದರು. ಬರೆದೆ. ಸರ್ಕಾರಿ ಭಾಷೆಯಲ್ಲಿ 'ಸೆರಗು' ಎಂದು ಬರೆಯಲು ಎಷ್ಟು ಕಷ್ಟವೆಂದು ಆವತ್ತು ಗೊತ್ತಾಯಿತು.

ಸೋಮವಾರದ ಹೊತ್ತಿಗೆ ಆಕಾಶ ಮತ್ತೆ ಬೂದು, ಚುಕ್ಕೆಗಳು ಮತ್ತೆ ಗೆರೆಯ ಕೆಳಗೆ. ಈಗ ಹೆದರಿಕೆ ಇರಲಿಲ್ಲ, ಕುತೂಹಲ ಮಾತ್ರ. ಉಪಕರಣ ಸರಿಯೆಂದರೆ ತಪ್ಪು ಗೆರೆಯದ್ದು. ಹುಡುಗಿ ಬೆಳಗ್ಗಿನಿಂದ ಕಾಫಿಗೂ ಏಳದೆ ತನ್ನ ಮಾಡೆಲಿನ ಒಳಗೆ ಹುಡುಕುತ್ತಿದ್ದಳು. ಮೂರು ಗಂಟೆಗೆ ನನ್ನನ್ನು ಕೂಗಿದಳು. ಹೊಗೆ ಎಷ್ಟು ಎಂಬುದನ್ನು ಮಾಡೆಲ್ ದಿನಾ ಕೇಳಿ ತಿಳಿಯುತ್ತಿತ್ತು. ಎಂಥ ಹೊಗೆ ಎಂಬುದನ್ನು ಮಾತ್ರ ಯಾರೂ ಅದಕ್ಕೆ ಹೇಳಿರಲಿಲ್ಲ. ಬೆಳಕನ್ನು ಬರೀ ಅತ್ತಿತ್ತ ಚದುರಿಸುವ ತೆಳು ಮಬ್ಬು ಎಂದು, ಬೇರೆ ಯಾವುದೋ ದೇಶದ ಆಕಾಶಕ್ಕೆ ಹೊಂದುವ ಒಂದು ಅಂಕಿ ಅದರಲ್ಲಿ ಮೊದಲಿನಿಂದ ಕೂತಿತ್ತು. ನಮ್ಮ ಹೊಗೆ ಬೆಳಕನ್ನು ಚದುರಿಸಿ ಸುಮ್ಮನಾಗುವುದಿಲ್ಲ, ಅದನ್ನು ನುಂಗುತ್ತದೆ.

"ನಾನು ಇದನ್ನ ಮುಟ್ಟಿಯೇ ಇರ್ಲಿಲ್ಲ ಅಕ್ಕ. ನೋಡ್ಬೇಕಿತ್ತು," ಎಂದಳು. ಮುಖ ಕೆಂಪಾಗಿತ್ತು.

"ಸರಿ, ಈಗ ನೋಡು. ಆಮೇಲೆ ಇಬ್ಬರೂ ಸೇರಿ ಪಶ್ಚಾತ್ತಾಪ ಪಡೋಣ," ಎಂದೆ.

ಅವಳು ಆ ಅಂಕಿ ಬದಲಿಸಿದಳು. ಮಸಿ ತುಂಬಿದ, ಬೆಳಕು ನುಂಗುವ ಹೊಗೆ ಎಂದು ಕೊಟ್ಟಳು. ಇವತ್ತಿನ ಒಂದು ದಿನಕ್ಕಲ್ಲ, ನವಮಿಯಿಂದ ಈಚಿನ ಎಲ್ಲ ದಿನಗಳಿಗೂ ಒಟ್ಟಿಗೆ ಲೆಕ್ಕ ಮಾಡಲು ಬಿಟ್ಟಳು. ನಾವು ಪರದೆಗೆ ಮೂಗು ತಗಲುವಷ್ಟು ಹತ್ತಿರ ಕೂತೆವು. ಒಂದೊಂದು ದಿನದ ಗೆರೆಯೂ ಹೊಸದಾಗಿ ಮೂಡುತ್ತಾ, ಎರಡು ತಿಂಗಳಿಂದ ನಾನು ನಾಚಿಕೆಪಟ್ಟುಕೊಂಡಿದ್ದ ಕೆಂಪು ಚುಕ್ಕೆಗಳ ಮೇಲೆ ಇಳಿದು ಕೂತಿತು. ಅಕ್ಟೋಬರ್ ಕೂತಿತು. ದೀಪಾವಳಿಯ ವಾರ ಕೂತಿತು. ನನಗೆ ಕಣ್ಣು ತುಂಬಿ ಬಂತು, ಇಡೀ ಕಾರಿಡಾರಿಗೆ ಕೇಳುವಂತೆ ನಗುತ್ತಿದ್ದೆ.

ಅವಳು ಮಾತ್ರ ನಗು ನಿಲ್ಲಿಸಿ ಪರದೆಯನ್ನೇ ನೋಡುತ್ತಿದ್ದಳು. "ಹಾಗಾದ್ರೆ ಅಕ್ಕ, ನಿಮ್ಮ ಡಬ್ಬಿ ಹೇಳಿದ್ದೇ ನಿಜ. ಇಷ್ಟು ದಿನ ಬಿಸಿಲು ಅಷ್ಟು ಕಡಿಮೆಯೇ ಬಂದದ್ದು. ಇಲ್ಲಿ ಇರುವ ಎಲ್ಲರಿಗೂ, ನಿಮ್ಮ ಮಗಳಿಗೂ."

"ಹೌದು ಕಣೇ, ನಿಜವಾಗ್ಲೂ ಬಂದೇ ಇಲ್ಲ," ಎಂದೆ, ಗೆದ್ದ ದನಿಯಲ್ಲಿ. ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಏನು ಹೇಳುತ್ತಿದ್ದೇನೆ ಎಂಬುದು ಹೇಳಿ ಮುಗಿಸಿದ ಮೇಲೆ ತಿಳಿಯಿತು.